ಸಂಮೋಹನದಿಂದ ಬಲ ಹೆಚ್ಚುವುದೆ?

ಉತ್ತರ ಕರ್ನಾಟಕದ ಜಾತ್ರೆಗಳನ್ನು ಕಂಡವರಿಗೆ ಗುಂಡುಕಲ್ಲು ಎತ್ತುವ ಪಂದ್ಯವನ್ನು ಬಣ್ಣಿಸಬೇಕಾಗಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸುತ್ತಿನ ಊರುಗಳಲ್ಲಿ ತೇರಿಗೆ ನೆರೆದ ಜನವೇ ಈ ಪಂದ್ಯಕ್ಕೂ ನೆರೆಯುವುದು. ಹಿಡಿಯಿಲ್ಲದ, ಅಂಚಿಲ್ಲದ ಉರುಟುಕಲ್ಲು. ಅದನ್ನು ನೆಲದಿಂದ ಮೊಳಕಾಲಿಗೆ, ಮೊಳಕಾಲಿನಿಂದ ತೊಡೆಗೆ, ತೊಡೆಯಿಂದ ಎದೆಗೆ ತಂದು ಹೆಗಲಿಗೇರಿಸಬೇಕು. ಸುತ್ತಲೂ ಹಲಗೆಯ ಬಡಿತ, ಜನರ ಕೇಕೆ. ಕಲ್ಲು ಎದೆಯ ಬಳಿ ಬಂದು ತಡೆದು ನಿಂತ ಆ ಒಂದು ಕ್ಷಣದಲ್ಲಿ ಕೇಕೆಯು ಇಮ್ಮಡಿಯಾಗುವುದು. ಕಲ್ಲು ಹೆಗಲೇರುವುದು, ಇಲ್ಲವೆ ಧಡಾರನೆ ನೆಲಕ್ಕುರುಳುವುದು.

ನಾನು ಭೌತಶಾಸ್ತ್ರವನ್ನು ಬೋಧಿಸುವ ಕಾಲೇಜಿನಲ್ಲಿ ಚಿಮ್ಮಡದಿಂದ ಬರುತ್ತಿದ್ದ ವಿದ್ಯಾರ್ಥಿಯೊಬ್ಬನಿದ್ದನು. ಗಟ್ಟಿಮುಟ್ಟಾದ ಹುಡುಗ, ಗರಡಿಯಲ್ಲಿ ಬೆಳೆದವನು. ಒಂದು ವರ್ಷದ ಜಾತ್ರೆಯಲ್ಲಿ ಅವನು ಕಲ್ಲಿಗೆ ಕೈಯಿಕ್ಕುವಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು, ‘ಇದು ಇವನ ಕೈಲಿಂದ ಆಗೂದಲ್ಲ, ಬಿಡ್ರಿ’ ಎಂದು ನಕ್ಕರಂತೆ. ಕಲ್ಲು ಮೊಳಕಾಲನ್ನು ದಾಟಲಿಲ್ಲ. ಅದೇ ವರ್ಷ ನಮ್ಮ ಕಾಲೇಜಿನ ಸ್ನೇಹಸಮ್ಮೇಳನಕ್ಕೆ ಸಂಚಾರಿ ಸಂಮೋಹನಕಾರನೊಬ್ಬನು ಬಂದನು. ಸಪೂರವಾದ ಒಬ್ಬ ವಿದ್ಯಾರ್ಥಿಯನ್ನು ‘ಮಲಗಿಸಿ’, ಅವನ ಭುಜಗಳನ್ನು ಒಂದು ಕುರ್ಚಿಯ ಮೇಲೂ ಕಾಲುಗಳನ್ನು ಇನ್ನೊಂದರ ಮೇಲೂ ಇರಿಸಿ, ನಡುವೆ ಯಾವ ಆಸರೆಯೂ ಇಲ್ಲದಂತೆ ಮಾಡಿ, ಮೇಲೆ ಇನ್ನೊಬ್ಬನನ್ನು ನಿಲ್ಲಿಸಿದನು. ಸಭೆಯು ಬೆರಗಾಯಿತು. ‘ನಿಮ್ಮೊಳಗೆ ಮಲಗಿರುವ ಶಕ್ತಿಯನ್ನು ನಾನು ಎಬ್ಬಿಸಬಲ್ಲೆ. ಕುಸ್ತಿ, ಓಟ, ಸೈಕಲ್ ಯಾವುದಾದರೂ ಸರಿ’ ಎಂದು ಆತನು ಸಾರಿ, ತನ್ನ ಶುಲ್ಕವನ್ನೂ ತಿಳಿಸಿದನು.

ಮರುದಿನ ಚಿಮ್ಮಡದ ಹುಡುಗನು ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತಿದ್ದನು. ‘ಸರ, ಅದನ್ನ ಮಾಡಿಸಿಕೊಂಡ್ರ ನನಗ ಗುಂಡ ಎತ್ತಾಕ ಬರತೈತೇನ್ರಿ?’

ಆ ಪ್ರಶ್ನೆಗೆ ಅಂದು ಸರಿಯಾದ ಉತ್ತರವು ನನ್ನಲ್ಲಿರಲಿಲ್ಲ. ಅನಂತರ ಓದಿ ತಿಳಿದುದನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ಎರಡು ಕುರ್ಚಿಗಳ ಗುಟ್ಟು

ಮೊದಲು ಕುರ್ಚಿಗಳ ವಿಷಯ. ಇದರಲ್ಲಿ ಸಂಮೋಹನಕ್ಕಿಂತ ಹೆಚ್ಚಾಗಿ ಸೇತುವೆಯ ತೊಲೆಯ ಲೆಕ್ಕವಿದೆ. ಎರಡು ಆಧಾರಗಳ ಮೇಲೆ ನಿಂತ ತೊಲೆಯ ನಡುವೆ ಭಾರವನ್ನಿಟ್ಟರೆ ಅದು ಹೆಚ್ಚು ಬಾಗುವುದು. ಅದೇ ಭಾರವನ್ನು ಆಧಾರಗಳ ಸಮೀಪದಲ್ಲಿಟ್ಟರೆ ಬಾಗು ಬಹಳ ಕಡಮೆ. ಹಿಂದಿನ ಸಂಜೆ ಮೇಲೆ ನಿಂತವನ ಪಾದಗಳು ಎಲ್ಲಿದ್ದುವು? ಒಂದು ಎದೆಯ ಮೇಲ್ಭಾಗದಲ್ಲಿ, ಇನ್ನೊಂದು ಮೊಳಕಾಲಿನ ಹತ್ತಿರ. ಎಂದರೆ ಅವನ ಭಾರವೆಲ್ಲವೂ ಹೆಚ್ಚುಕಡಮೆ ನೇರವಾಗಿ ಕುರ್ಚಿಗಳಿಗೇ ಇಳಿಯುತ್ತಿತ್ತು. ಮಲಗಿದವನ ಬೆನ್ನು, ಹೊಟ್ಟೆ, ತೊಡೆಗಳ ಸ್ನಾಯುಗಳು ಮುಖ್ಯವಾಗಿ ಅವನ ಮೈಯನ್ನೇ ನೆಟ್ಟಗೆ ಹಿಡಿದಿದ್ದರೆ ಸಾಕಾಗಿತ್ತು.

ಮರುದಿನ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿಯನ್ನು, ಮೇಲೆ ಯಾರನ್ನೂ ನಿಲ್ಲಿಸದೆ, ಎರಡು ಬೆಂಚುಗಳ ನಡುವೆ ಹೀಗೆಯೇ ಮಲಗಿಸಿದೆನು. ಯಾವ ಮಂತ್ರವೂ ಇಲ್ಲ, ಕಣ್ಣಲ್ಲಿ ಕಣ್ಣಿಟ್ಟು ನೋಡುವುದೂ ಇಲ್ಲ. ‘ಮೈ ಬಿಗಿಹಿಡಿ’ ಎಂಬ ಮಾತು ಮಾತ್ರ. ಅವನು ಒಂದು ನಿಮಿಷಕ್ಕೂ ಮೀರಿ ಹಾಗೆಯೇ ಇದ್ದು, ನಗುತ್ತ ಎದ್ದನು. ಓದುಗರು ಮನೆಯಲ್ಲಿ ಇದನ್ನು ಮಾಡಿ ನೋಡಬಾರದು. ಸಂಮೋಹನವಿರಲಿ ಇಲ್ಲದಿರಲಿ, ಬೆನ್ನೆಲುಬಿಗೆ ಪೆಟ್ಟಾಗುವ ಸಂಭವ ಇದ್ದೇ ಇದೆ.

ಆದರೆ ಒಂದು ಚಮತ್ಕಾರದ ಗುಟ್ಟು ಬಯಲಾದ ಮಾತ್ರಕ್ಕೆ ಸಂಮೋಹನವೇ ಸುಳ್ಳೆಂದು ತೀರ್ಮಾನಿಸಲಾಗದು. ಅದರ ಇತಿಹಾಸವನ್ನು ನೋಡಿದರೆ ಈ ಮಾತು ಸ್ಪಷ್ಟವಾಗುವುದು.

ಅಯಸ್ಕಾಂತದಿಂದ ಮಾತಿನವರೆಗೆ

ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸ್ ಆಂಟನ್ ಮೆಸ್ಮರ್ (1734–1815) ಎಂಬ ವೈದ್ಯನು, ವಿಶ್ವವನ್ನೆಲ್ಲ ಒಂದು ಸೂಕ್ಷ್ಮ ದ್ರವವು ವ್ಯಾಪಿಸಿದೆಯೆಂದೂ ಪ್ರಾಣಿಗಳಲ್ಲಿ ಅದು ಅಯಸ್ಕಾಂತದಂತೆ ವರ್ತಿಸುವುದೆಂದೂ ನಂಬಿದ್ದನು. ವಿಯೆನ್ನಾದಿಂದ 1778ರಲ್ಲಿ ಪ್ಯಾರಿಸ್ಸಿಗೆ ಬಂದ ಆತನು ಮೊದಮೊದಲು ಅಯಸ್ಕಾಂತಗಳಿಂದ, ಬಳಿಕ ಬರಿಗೈ ಸವರಿಕೆಯಿಂದ ರೋಗಿಗಳನ್ನು ನಡುಗಿಸಿ, ಮೂರ್ಛೆಗೊಳಿಸಿ, ಗುಣಪಡಿಸತೊಡಗಿದನು. ಗುಣಹೊಂದಿದವರೂ ಇದ್ದುದರಿಂದ ನಗರವೆಲ್ಲ ಅವನ ಮನೆಗೆ ನುಗ್ಗಿತು.

1784ರಲ್ಲಿ ದೊರೆ ಹದಿನಾರನೆಯ ಲೂಯಿಯು ವಿಚಾರಣಾ ಮಂಡಲಿಯೊಂದನ್ನು ನೇಮಿಸಿದನು. ಮಿಂಚಿನ ವಿದ್ಯುತ್ತನ್ನು ಅರಿತ ಬೆಂಜಮಿನ್ ಫ್ರಾಂಕ್ಲಿನ್, ರಸಾಯನಶಾಸ್ತ್ರದ ಲವಾಸಿಯೆ, ಖಗೋಳಜ್ಞ ಬೈಯಿ ಮುಂತಾದವರು ಅದರಲ್ಲಿದ್ದರು. ಅವರು ನಡೆಸಿದ ಒಂದು ಪರೀಕ್ಷೆಯು ಇಂದಿಗೂ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಮಾದರಿಯಾಗಬಲ್ಲದು. ಪಾಸಿ ಎಂಬಲ್ಲಿ ಫ್ರಾಂಕ್ಲಿನ್ನನ ತೋಟದ ಒಂದು ಮರಕ್ಕೆ ಮೆಸ್ಮರನ ಶಿಷ್ಯನು ‘ಕಾಂತಶಕ್ತಿ’ಯನ್ನು ತುಂಬಿದನು. ಹನ್ನೆರಡು ವರ್ಷದ ಬಾಲಕನೊಬ್ಬನ ಕಣ್ಣುಗಳನ್ನು ಕಟ್ಟಿ, ಶಕ್ತಿಯನ್ನು ತುಂಬದಿದ್ದ ಬೇರೆ ಮರಗಳ ಬಳಿಗೆ ಒಂದಾದ ಮೇಲೊಂದರಂತೆ ಕರೆದೊಯ್ದರು. ನಾಲ್ಕನೆಯ ಮರದ ಬಳಿ ಬಾಲಕನು ಮೂರ್ಛೆಹೋದನು. ಶಕ್ತಿಯುಳ್ಳ ಮರವಾದರೋ ದೂರದಲ್ಲಿತ್ತು!

ಕಲ್ಪನೆಯಿಲ್ಲದ ಕಾಂತಶಕ್ತಿಯಿಂದ ಏನೂ ಆಗದು, ಕಾಂತಶಕ್ತಿಯಿಲ್ಲದ ಕಲ್ಪನೆಯಿಂದ ಎಲ್ಲವೂ ಆಗುವುದು ಎಂಬುದು ಮಂಡಲಿಯ ನಿರ್ಣಯದ ಸಾರ. ಮೆಸ್ಮರನ ಕೀರ್ತಿಯು ಇಳಿಯಿತು. ಆದರೆ ಅಂದು ಹಲವರು ಗಮನಿಸದೆ ಬಿಟ್ಟ ಪ್ರಶ್ನೆಯೊಂದು ಉಳಿದೇ ಉಳಿಯಿತು. ಬಾಲಕನು ಬಿದ್ದುದು ನಿಜ. ಬರಿಯ ಕಲ್ಪನೆಯು ಒಂದು ಆರೋಗ್ಯವಂತ ಶರೀರವನ್ನು ಉರುಳಿಸಬಲ್ಲುದಾದರೆ, ಆ ಕಲ್ಪನೆಯನ್ನೇ ಏಕೆ ಪರೀಕ್ಷಿಸಬಾರದು?

ಆ ಕೆಲಸಕ್ಕೆ ಕೈಹಾಕಿದವನು ಮ್ಯಾಂಚೆಸ್ಟರಿನ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್. 1841ರಲ್ಲಿ ಇಂಥ ಪ್ರದರ್ಶನವೊಂದನ್ನು ಕಂಡ ಆತನು, ಹೊಳೆಯುವ ವಸ್ತುವೊಂದನ್ನು ಎವೆಯಿಕ್ಕದೆ ನೋಡುವುದರಿಂದಲೇ ಈ ಸ್ಥಿತಿಯನ್ನು ತರಬಹುದೆಂದು ತೋರಿಸಿದನು. 1843ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ನಿದ್ರೆಯೆಂಬ ಅರ್ಥದ ಗ್ರೀಕ್ ಶಬ್ದದಿಂದ ‘ಹಿಪ್ನಾಟಿಸಂ’ ಎಂಬ ಹೆಸರನ್ನು ಬಳಕೆಗೆ ತಂದನು. ಇದು ನಿದ್ರೆಯೇ ಅಲ್ಲ, ಮನಸ್ಸು ಒಂದೇ ಭಾವನೆಯಲ್ಲಿ ನೆಟ್ಟು ನಿಲ್ಲುವ ಸ್ಥಿತಿ ಎಂದು ಕೆಲವೇ ವರ್ಷಗಳಲ್ಲಿ ಅವನಿಗೇ ಹೊಳೆಯಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು.

ನಮ್ಮ ದೇಶಕ್ಕೂ ಈ ಇತಿಹಾಸದಲ್ಲಿ ಸ್ಥಾನವಿದೆ. ಬಂಗಾಳದ ಹೂಗ್ಲಿಯಲ್ಲಿದ್ದ ಶಸ್ತ್ರವೈದ್ಯ ಜೇಮ್ಸ್ ಎಸ್‌ಡೇಲ್ 1845ರಲ್ಲಿ ಕೈದಿಯೊಬ್ಬನನ್ನು ಈ ಬಗೆಯಲ್ಲಿ ಮೋಹಗೊಳಿಸಿ ಶಸ್ತ್ರಕ್ರಿಯೆ ಮಾಡಿದನು. ಅನಂತರ ನೂರಾರು ರೋಗಿಗಳಿಗೆ ಅದನ್ನೇ ಅನುಸರಿಸಿದನು. 1846ರಲ್ಲಿ ಕಲ್ಕತ್ತೆಯಲ್ಲಿ ಇದಕ್ಕೆಂದೇ ಒಂದು ಆಸ್ಪತ್ರೆಯೂ ತೆರೆಯಿತು. ಅಷ್ಟರಲ್ಲಿ ಈಥರ್, ಕ್ಲೋರೋಫಾರಂಗಳು ಬಂದುದರಿಂದ ಆ ಮಾರ್ಗವು ಹಿಂದೆ ಸರಿಯಿತು. ಚಾಕು ಮಾಂಸವನ್ನು ಕೊಯ್ಯುತ್ತಿದ್ದರೂ ನೋವಿನ ಅರಿವು ಇಲ್ಲದಂತಾಗುವುದು ಸಾಧ್ಯವೆಂಬ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಕ್ರೀಡಾಪಟುಗಳ ವಿಷಯಕ್ಕೆ ಬಂದಾಗ ಅದು ಮತ್ತೆ ಬೇಕಾಗುವುದು.

ಸಂಮೋಹನವೆಂದರೇನು?

ಸಂಮೋಹಿತನಾದವನು ಎಚ್ಚರವಾಗಿಯೇ ಇರುವನು. ಅವನ ಮಿದುಳಿನ ವಿದ್ಯುತ್ತರಂಗಗಳನ್ನು ಅಳೆದರೆ ಅವು ಗಾಢನಿದ್ರೆಯ ತರಂಗಗಳಂತಿರುವುದಿಲ್ಲ. ಅವನ ಗಮನವು ಕಿರಿದಾಗಿ ಒಂದೆಡೆ ನೆಲೆಸಿರುವುದು. ಹೇಳಿದ ಮಾತನ್ನು ತೂಗಿ ನೋಡದೆ ಅನುಭವಕ್ಕೆ ತಂದುಕೊಳ್ಳುವ ಒಲವು ಹೆಚ್ಚಿರುವುದು. ‘ನಿನ್ನ ಕೈ ಹಗುರವಾಗುತ್ತಿದೆ’ ಎಂದರೆ ಕೈ ತಾನಾಗಿ ಏಳುತ್ತಿರುವಂತೆ ಅವನಿಗೆ ತೋರುವುದು. ಇಂಥ ಮಾತಿಗೆ ‘ಸೂಚನೆ’ ಎಂದು ಹೆಸರು.

ಒಳ್ಳೆಯ ಪುಸ್ತಕದಲ್ಲಿ ಮುಳುಗಿ ಪಕ್ಕದವರು ಕರೆದುದು ಕೇಳಿಸದಿರುವುದು, ಬಯಲಾಟದ ಶೋಕದೃಶ್ಯಕ್ಕೆ ಕಣ್ಣೀರಿಡುವುದು, ಇವೆಲ್ಲವೂ ಆ ಸ್ಥಿತಿಯ ದೂರದ ಬಂಧುಗಳೆನ್ನಬಹುದು. ಎಲ್ಲರೂ ಇದಕ್ಕೆ ಸಮನಾಗಿ ಒಳಗಾಗುವುದಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ವೈಟ್ಸೆನ್‌ಹಾಫರ್ ಮತ್ತು ಹಿಲ್ಗಾರ್ಡ್ ಎಂಬವರು 1959ರಲ್ಲಿ ಹನ್ನೆರಡು ಪರೀಕ್ಷೆಗಳ ಒಂದು ಅಳತೆಗೋಲನ್ನು ರಚಿಸಿದರು. ಇಂಥ ಅಳತೆಗಳಿಂದ ನೋಡಿದರೆ ಆಳವಾಗಿ ಸಂಮೋಹಿತರಾಗಬಲ್ಲವರು ಹತ್ತರಲ್ಲಿ ಒಬ್ಬರೋ ಸ್ವಲ್ಪ ಹೆಚ್ಚೋ, ಹೆಚ್ಚಿನವರು ನಡುವಿನವರು, ಕೆಲವರ ಮೇಲೆ ಪರಿಣಾಮವೇ ಕಾಣದು. ರಂಗಸ್ಥಳದ ಸಂಮೋಹನಕಾರರು ಆರಂಭದಲ್ಲಿ ಹಲವರನ್ನು ಕರೆದು, ಸಣ್ಣ ಪರೀಕ್ಷೆಗಳನ್ನು ಮಾಡಿ, ಒಬ್ಬಿಬ್ಬರನ್ನೇ ಉಳಿಸಿಕೊಳ್ಳುವುದರ ಮರ್ಮವಿದು.

ವೈದ್ಯಶಾಸ್ತ್ರವು ಈ ವಿದ್ಯೆಯನ್ನು ತಿರಸ್ಕರಿಸಿಲ್ಲ. 1955ರಲ್ಲಿ ಬ್ರಿಟಿಷ್ ವೈದ್ಯಸಂಘವೂ 1958ರಲ್ಲಿ ಅಮೆರಿಕದ ವೈದ್ಯಸಂಘವೂ ತರಬೇತಿ ಹೊಂದಿದವರ ಕೈಯಲ್ಲಿ ಇದಕ್ಕೆ ಉಪಯೋಗವಿದೆಯೆಂದು ಒಪ್ಪಿದುವು.

ಒಂದು ಚಿಟಿಕೆ ಬೆಲ್ಲದ ಲೆಕ್ಕ

ಈಗ ಗುಂಡುಕಲ್ಲಿಗೆ ಮರಳೋಣ. ಕಲ್ಲಿನ ತೂಕ 90 ಕಿಲೋಗ್ರಾಂ, ಹೆಗಲಿನ ಎತ್ತರ 1.4 ಮೀಟರ್ ಎಂದಿಟ್ಟುಕೊಂಡರೆ, ಅದನ್ನು ಎತ್ತಲು ಆಗುವ ಕೆಲಸವು ಸುಮಾರು 1,235 ಜೂಲ್. ನಮ್ಮ ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಹೆಚ್ಚೆಂದರೆ ನಾಲ್ಕನೆಯ ಒಂದು ಪಾಲನ್ನು ಮಾತ್ರ ಕೆಲಸವಾಗಿ ಮಾರ್ಪಡಿಸುವುವು. ಹಾಗೆ ಲೆಕ್ಕ ಹಾಕಿದರೂ ಬೇಕಾಗುವ ಆಹಾರವು ಒಂದು ಗ್ರಾಂ ಬೆಲ್ಲದ ಮೂರನೆಯ ಒಂದು ಪಾಲಿನಷ್ಟು! ಎತ್ತುವವನು ಕಲ್ಲಿನೊಡನೆ ತನ್ನ ಮೈಯನ್ನೂ ಮೇಲೆತ್ತಬೇಕೆಂದು ಇಮ್ಮಡಿ ಮಾಡಿದರೂ ಅದು ಚಿಟಿಕೆ ಬೆಲ್ಲವೇ ಸರಿ. ‘ನಿಮ್ಮೊಳಗಿನ ಶಕ್ತಿಯನ್ನು ಎಬ್ಬಿಸುವೆ’ ಎಂಬ ಮಾತು ಇಲ್ಲಿಯೇ ಟೊಳ್ಳಾಗುವುದು. ಶಕ್ತಿಗೆ ಕೊರತೆಯಿಲ್ಲ, ಕೊರತೆಯಿರುವುದು ಆ ಒಂದು ಕ್ಷಣದಲ್ಲಿ ಬೇಕಾಗುವ ಬಲಕ್ಕೆ.

ಮೊಳಕೈಯನ್ನು ಮಡಿಸುವ ಸ್ನಾಯುವು ಕೀಲಿನಿಂದ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ ಎಲುಬಿಗೆ ಅಂಟಿದೆ. ಅಂಗೈ ಇರುವುದು ಮೂವತ್ತೈದು ಸೆಂಟಿಮೀಟರಿನಷ್ಟು ದೂರದಲ್ಲಿ. ಸನ್ನೆಗೋಲಿನ ನಿಯಮದಂತೆ, ಕೈಯಲ್ಲಿ ಹತ್ತು ಕಿಲೋಗ್ರಾಂ ಹಿಡಿಯಬೇಕಾದರೆ ಸ್ನಾಯುವು ಎಪ್ಪತ್ತು ಕಿಲೋಗ್ರಾಂ ತೂಕಕ್ಕೆ ಸಮನಾದ ಬಲದಿಂದ ಎಳೆಯಬೇಕಾಗುವುದು. ಪ್ರಕೃತಿಯು ವೇಗಕ್ಕಾಗಿ ಬಲವನ್ನು ತೆತ್ತಿದೆ.

ಸ್ನಾಯುವಿನ ಎಳೆಗಳೆಲ್ಲವೂ ಒಮ್ಮೆಗೇ ದುಡಿಯುವುದಿಲ್ಲ. ಒಂದೊಂದು ನರಕೋಶವು ಹಲವು ಎಳೆಗಳ ಒಂದು ಗುಂಪನ್ನು ಆಳುವುದು. ಮಿದುಳಿನ ಅಪ್ಪಣೆಯು ಬಲವಾದಂತೆಲ್ಲ ಹೆಚ್ಚು ಗುಂಪುಗಳು ಕೆಲಸಕ್ಕಿಳಿಯುವುವು. ನಮ್ಮ ಕಬ್ಬಿನ ಆಲೆಮನೆಯಲ್ಲಿ ಇಪ್ಪತ್ತು ಆಳುಗಳಿದ್ದರೂ ಒಡೆಯನು ಕೂಗಿದಷ್ಟು ಜನರೇ ಏಳುವಂತೆ. ಅಭ್ಯಾಸವಿಲ್ಲದವನ ಮಿದುಳು ಎಲ್ಲರನ್ನೂ ಕೂಗಲಾರದು. ಹೆದರಿಕೆ, ಸಂಕೋಚ, ನೋವಿನ ಶಂಕೆಗಳು ಆ ಕೂಗನ್ನು ಇನ್ನೂ ತಗ್ಗಿಸುವುವು. ಸಂಮೋಹನವು ಏನನ್ನಾದರೂ ಮಾಡುವುದಾದರೆ ಇಲ್ಲಿಯೇ ಮಾಡಬೇಕು. ಆಳುಗಳನ್ನು ಅದು ಹೆಚ್ಚಿಸಲಾರದು, ಕೂಗನ್ನು ಬದಲಿಸೀತು.

ಅಳೆದು ನೋಡಿದವರು

ಇದನ್ನು ಅಳೆಯಲು ಯತ್ನಿಸಿದವರಲ್ಲಿ ಇಂಗ್ಲೆಂಡಿನ ಮನೋವೈದ್ಯ ಹ್ಯಾಡ್‌ಫೀಲ್ಡ್ ಪ್ರಸಿದ್ಧನು. ಮೂವರು ಗಂಡಸರಿಗೆ ಬಲಮಾಪಕವನ್ನು ಹಿಡಿದು ಅದುಮುವಂತೆ ಹೇಳಿದನು. ಸಾಮಾನ್ಯ ಸ್ಥಿತಿಯಲ್ಲಿ ಸರಾಸರಿ ಹಿಡಿತವು 101 ರಾತಲು, ಎಂದರೆ ಸುಮಾರು 46 ಕಿಲೋಗ್ರಾಂ. ಸಂಮೋಹನದಲ್ಲಿ ‘ನೀನು ಬಹಳ ಬಲಶಾಲಿ’ ಎಂದು ಸೂಚಿಸಿದಾಗ ಅದು 142 ರಾತಲಿಗೆ ಏರಿತು. ‘ನೀನು ಬಹಳ ದುರ್ಬಲ’ ಎಂದಾಗ 29 ರಾತಲಿಗೆ ಇಳಿಯಿತು. ಮೂವರ ಮೇಲಿನ ಪ್ರಯೋಗದಿಂದ ನಿಯಮವನ್ನು ಕಟ್ಟಲಾಗದು. ಆದರೂ ಮೂರು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ: ಏರಿದುದು 41, ಇಳಿದುದು 72.

ಹೆಚ್ಚು ಎಚ್ಚರದ ಪ್ರಯೋಗವು 1961ರಲ್ಲಿ ಪ್ರಕಟವಾಯಿತು. ಜಪಾನಿನ ಮಿಚಿಯೊ ಇಕಾಯ್ ಮತ್ತು ಅಮೆರಿಕದ ಆರ್ಥರ್ ಸ್ಟೈನ್‌ಹೌಸ್ ಎಂಬವರು, ಮೊಳಕೈಯನ್ನು ಮಡಿಸುವ ಬಲವನ್ನು ನಿಮಿಷಕ್ಕೊಮ್ಮೆಯಂತೆ ಅರ್ಧ ಗಂಟೆಯ ಕಾಲ ಅಳೆದರು. ಎಳೆಯುವುದಕ್ಕೆ ಕೆಲವೇ ಸೆಕೆಂಡುಗಳ ಮೊದಲು ಬೆನ್ನ ಹಿಂದೆ ಪಿಸ್ತೂಲನ್ನು ಹಾರಿಸಿದಾಗ ಬಲವು ಸರಾಸರಿ ಶೇಕಡಾ 7.4ರಷ್ಟು ಹೆಚ್ಚಿತು. ಎಳೆಯುವವನೇ ಗಟ್ಟಿಯಾಗಿ ಕೂಗಿದಾಗ ಶೇಕಡಾ 12.2ರಷ್ಟು ಹೆಚ್ಚಿತು. ಸಂಮೋಹನದಲ್ಲಿ ಬಲದ ಸೂಚನೆಯನ್ನು ಕೊಟ್ಟಾಗ ಶೇಕಡಾ 26.5ರಷ್ಟು! ಸಂಮೋಹನದಿಂದ ಎಚ್ಚರಗೊಂಡ ಮೇಲೂ ಉಳಿಯುವಂತೆ ದೌರ್ಬಲ್ಯದ ಸೂಚನೆಯನ್ನು ಕೊಟ್ಟಾಗ ಬಲವು ಶೇಕಡಾ 31.8ರಷ್ಟು ಕುಗ್ಗಿತು.

ಜಾತ್ರೆಯ ಹಲಗೆಯ ಬಡಿತಕ್ಕೂ ಎತ್ತುವವನು ಹೊರಡಿಸುವ ಹೂಂಕಾರಕ್ಕೂ ಅರ್ಥವಿದೆಯೆಂದು ಇದರಿಂದ ತೋರುವುದಿಲ್ಲವೆ? ಅವು ಕಲ್ಲನ್ನು ಹಗುರಗೊಳಿಸುವುದಿಲ್ಲ. ಒಳಗಿನ ಬಿಗಿಯನ್ನು ಅರೆಕ್ಷಣ ಸಡಿಲಿಸುವುವು.

ಇಕಾಯ್ ಮತ್ತು ಸ್ಟೈನ್‌ಹೌಸರ ಪ್ರಯೋಗದಲ್ಲಿ ಇನ್ನೊಂದು ಸಂಗತಿಯು ಕಂಡುಬಂದಿತು. ಭಾರ ಎತ್ತುವುದನ್ನು ಅಭ್ಯಾಸ ಮಾಡಿದ್ದವನೊಬ್ಬನ ಮೇಲೆ ಸಂಮೋಹನವು ಹೇಳಿಕೊಳ್ಳುವಂಥ ಪರಿಣಾಮವನ್ನು ಬೀರಲಿಲ್ಲ. ಇದಕ್ಕೆ ಕೆಲವು ವರ್ಷ ಮೊದಲು, 1954ರಲ್ಲಿ, ಇಂಗ್ಲೆಂಡಿನ ಮರ್ಟನ್ ಹೆಬ್ಬೆರಳಿನ ಸ್ನಾಯುವೊಂದನ್ನು ಪರೀಕ್ಷಿಸಿದ್ದನು. ಮನಸ್ಸಿಟ್ಟು ಅದುಮುತ್ತಿರುವಾಗಲೇ ನರಕ್ಕೆ ವಿದ್ಯುತ್ತಿನ ಸೋಂಕನ್ನು ಕೊಟ್ಟರೆ, ಮಿದುಳು ಬಳಸದೆ ಬಿಟ್ಟ ಬಲವೇನಾದರೂ ಇದ್ದಲ್ಲಿ ಅದು ಹೊರಬೀಳಬೇಕು. ಪೂರ್ಣ ಪ್ರಯತ್ನದಲ್ಲಿ ಹಾಗೆ ಉಳಿದ ಬಲವೇ ಕಾಣಲಿಲ್ಲ. ಎಂದರೆ ‘ಮಲಗಿರುವ ಶಕ್ತಿ’ಯ ದೊಡ್ಡ ಭಂಡಾರವು ಎಲ್ಲರಲ್ಲಿಯೂ ಇದೆಯೆಂಬುದು ನಿಜವಲ್ಲ. ಪಳಗದವನಲ್ಲಿ ಸ್ವಲ್ಪ ಉಳಿದಿರಬಹುದು. ಪಳಗಿದವನು ಅದನ್ನು ಅಭ್ಯಾಸದಿಂದಲೇ ಬಳಕೆಗೆ ತಂದುಕೊಂಡಿರುವನು.

ಮುಂದಿನ ಸಂಶೋಧಕರು ಇನ್ನೂ ತೀಕ್ಷ್ಣವಾದ ಪ್ರಶ್ನೆಯನ್ನು ಕೇಳಿದರು. ಬಲ ಹೆಚ್ಚಿದುದು ಸಂಮೋಹನದಿಂದಲೋ, ಉತ್ಸಾಹ ತುಂಬುವ ಮಾತಿನಿಂದಲೋ? ಅಮೆರಿಕದ ಮಾರ್ಟಿನ್ ಆರ್ನ್ 1959ರಲ್ಲಿ, ಚಾಚಿದ ಕೈಯಲ್ಲಿ ಒಂದು ಕಿಲೋಗ್ರಾಂ ತೂಕವನ್ನು ಹಿಡಿದಿರುವ ಪರೀಕ್ಷೆಯನ್ನು ವಿವರಿಸಿದನು. ಸಂಮೋಹನದಲ್ಲಿ ಸಾಧಿಸಿದುದನ್ನು, ತಕ್ಕಷ್ಟು ಹುರುಪು ಹುಟ್ಟಿಸಿದರೆ, ಎಚ್ಚರದಲ್ಲಿಯೂ ಮೀರಿಸಬಹುದೆಂದು ಕಂಡಿತು. 1966ರಲ್ಲಿ ಥಿಯೊಡೋರ್ ಬಾರ್ಬರ್ ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಒರೆಗೆ ಹಚ್ಚಿ, ಸೂಚನೆಯಿಲ್ಲದ ಬರಿಯ ಸಂಮೋಹನವು ಬಲವನ್ನಾಗಲಿ ತಾಳಿಕೆಯನ್ನಾಗಲಿ ಹೆಚ್ಚಿಸುವುದಿಲ್ಲವೆಂದೂ, ಹುರಿದುಂಬಿಸುವ ಮಾತುಗಳು ಎಚ್ಚರದಲ್ಲಿರುವವರಲ್ಲಿಯೂ ಅದೇ ಫಲವನ್ನು ಕೊಡುವುವೆಂದೂ ತೀರ್ಮಾನಿಸಿದನು. ಪಾಸಿಯ ತೋಟದ ಮರದ ಕಥೆಯು ಮತ್ತೊಮ್ಮೆ ನಡೆದಂತಾಯಿತು.

ಏರಿಲ್ಲದ ಏರು, ಇಳಿಜಾರಿಲ್ಲದ ಇಳಿಜಾರು

ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಸೈಕಲ್ ಪಟುಗಳು ರಾಷ್ಟ್ರಮಟ್ಟದಲ್ಲಿ ಹೆಸರು ಪಡೆದಿರುವರು. ಬಿಸಿಲೇರುವ ಮೊದಲೇ ಹೆದ್ದಾರಿಯಲ್ಲಿ ಸಾಲಾಗಿ ಹೋಗುವ ಹುಡುಗ ಹುಡುಗಿಯರನ್ನು ಈ ಭಾಗದಲ್ಲಿ ಯಾರು ತಾನೆ ಕಂಡಿಲ್ಲ? ಅವರ ಅನುಭವಕ್ಕೆ ಹತ್ತಿರವಾದ ಪ್ರಯೋಗವೊಂದು 2001ರಲ್ಲಿ ಪ್ರಕಟವಾಗಿದೆ. ಅಮೆರಿಕದ ವಿಲಿಯಂಸನ್ ಮತ್ತು ಸಂಗಡಿಗರು, ಸಂಮೋಹನಕ್ಕೆ ಸುಲಭವಾಗಿ ಒಳಗಾಗುವ ಕೆಲವರನ್ನು ನಿಂತಲ್ಲಿಯೇ ತುಳಿಯುವ ಸೈಕಲ್ಲಿನ ಮೇಲೆ ಕೂರಿಸಿದರು. ತುಳಿತದ ಭಾರವು ಬದಲಾಗಲಿಲ್ಲ. ‘ನೀವು ಏರನ್ನು ಹತ್ತುತ್ತಿರುವಿರಿ’ ಎಂದು ಸೂಚಿಸಿದಾಗ ಅವರಿಗೆ ಶ್ರಮವು ಹೆಚ್ಚೆನಿಸಿತು. ಅಷ್ಟೇ ಅಲ್ಲ, ಹೃದಯದ ಬಡಿತವು ನಿಮಿಷಕ್ಕೆ 16ರಷ್ಟು ಹೆಚ್ಚಿತು, ರಕ್ತದೊತ್ತಡವೂ ಏರಿತು. ಇಲ್ಲದ ಏರಿಗೆ ಹೃದಯವು ನಿಜವಾಗಿಯೇ ದುಡಿಯಿತು!

ಬಳಿಕ ‘ನೀವು ಇಳಿಜಾರಿನಲ್ಲಿರುವಿರಿ’ ಎಂದು ಸೂಚಿಸಿದರು. ಶ್ರಮವು ಕಡಮೆಯೆನಿಸಿತು. ಆದರೆ ಹೃದಯದ ಬಡಿತವಾಗಲಿ ರಕ್ತದೊತ್ತಡವಾಗಲಿ ಇಳಿಯಲಿಲ್ಲ.

ಈ ಪ್ರಯೋಗದಲ್ಲಿ ನಮ್ಮ ಪ್ರಶ್ನೆಗೆ ಉತ್ತರವು ಅಡಗಿದೆಯೆಂದು ನನಗನಿಸುವುದು. ಮಾತಿನಿಂದ ಹೊರೆಯನ್ನು ಹೇರಬಹುದು; ಆ ಹೊರೆಯು ಮೈಗೂ ತಟ್ಟುವುದು. ಮಾತಿನಿಂದ ಹೊರೆಯನ್ನು ಇಳಿಸಿದಂತೆ ತೋರಿಸಬಹುದು. ಮೈಯಾದರೋ ಅದನ್ನು ಹೊತ್ತೇ ಇರುವುದು. ಸ್ನಾಯುಗಳಿಗೆ ಬೇಕಾದ ಆಮ್ಲಜನಕದ ಲೆಕ್ಕವನ್ನು ಯಾವ ಸೂಚನೆಯೂ ತಿದ್ದಲಾರದು. ಹ್ಯಾಡ್‌ಫೀಲ್ಡನ 41 ಮತ್ತು 72, ಇಕಾಯ್ ಮತ್ತು ಸ್ಟೈನ್‌ಹೌಸರ 26.5 ಮತ್ತು 31.8, ಈ ಅಂಕಿಗಳೂ ಅದೇ ಕಡೆಗೆ ಬೆರಳು ತೋರಿಸುವುವು. ಬಲಗೊಳಿಸುವ ಮಾತಿಗಿಂತ ಬಲಗುಂದಿಸುವ ಮಾತೇ ಹೆಚ್ಚು ದೂರ ಹೋಗಬಲ್ಲದು.

ಆಟದ ಬಯಲಿನಲ್ಲಿ

ಪ್ರಯೋಗಶಾಲೆಯ ಹೊರಗೆ ಆಟದ ಬಯಲಿನಲ್ಲಿಯೂ ಇದನ್ನು ಪ್ರಯತ್ನಿಸಿದವರುಂಟು. 1950ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಬ್ರೌನ್ಸ್ ಎಂಬ ಬೇಸ್‌ಬಾಲ್ ತಂಡವು ಡೇವಿಡ್ ಟ್ರೇಸಿ ಎಂಬ ಸಂಮೋಹನಕಾರನನ್ನು ನೇಮಿಸಿಕೊಂಡಿತು. ಬಳಿಕ ಅವನನ್ನು ಬೀಳ್ಕೊಟ್ಟರು. ಆ ವರ್ಷ ತಂಡವು ಎಂಟರಲ್ಲಿ ಏಳನೆಯ ಸ್ಥಾನದಲ್ಲಿ ನಿಂತು, 58 ಪಂದ್ಯಗಳನ್ನು ಗೆದ್ದು 96ರಲ್ಲಿ ಸೋತಿತು. 1973ರ ಮಾರ್ಚಿನಲ್ಲಿ ಮುಷ್ಟಿಕಾಳಗದ ಕೆನ್ ನಾರ್ಟನ್ ಮಹಮ್ಮದ್ ಅಲಿಯ ದವಡೆಯನ್ನು ಮುರಿದು ಗೆದ್ದಾಗ, ಅವನು ಸಂಮೋಹನಕಾರನೊಬ್ಬನ ನೆರವನ್ನು ಪಡೆದಿದ್ದ ಸಂಗತಿಯು ಪ್ರಚಾರಕ್ಕೆ ಬಂದಿತು. ಅದೇ ಸೆಪ್ಟೆಂಬರಿನಲ್ಲಿ ಇಬ್ಬರೂ ಮತ್ತೆ ಸೆಣಸಿದಾಗ ಗೆದ್ದವನು ಅಲಿ. ಒಂದು ಸೋಲಿನಿಂದ ಸಂಮೋಹನವು ನಿರರ್ಥಕವೆಂದಾಗಲಿ, ಒಂದು ಗೆಲುವಿನಿಂದ ಸಾರ್ಥಕವೆಂದಾಗಲಿ ಹೇಳಲಾಗದು. ಹೋಲಿಕೆಗೆ ಇನ್ನೊಂದು ಗುಂಪು ಇರಬೇಕು.

ಅಂಥ ಹೋಲಿಕೆಯನ್ನು ಇಂಗ್ಲೆಂಡಿನ ಬಾರ್ಕರ್, ಜೋನ್ಸ್, ಗ್ರೀನ್‌ಲೀಸ್ ಎಂಬವರು 2010ರಲ್ಲಿ ಪ್ರಕಟಿಸಿದರು. ಕಾಲೇಜುಗಳ 59 ಫುಟ್‌ಬಾಲ್ ಆಟಗಾರರಲ್ಲಿ ಕೆಲವರಿಗೆ ಸಂಮೋಹನವನ್ನೂ ಉಳಿದವರಿಗೆ ಆಟದ ಚಲಚ್ಚಿತ್ರಗಳನ್ನೂ ಕೊಟ್ಟು ನೋಡಿದರು. ಗೋಡೆಗೆ ಚೆಂಡನ್ನು ಒದೆಯುವ ಪರೀಕ್ಷೆಯಲ್ಲಿ ಸಂಮೋಹನದ ಗುಂಪಿನವರ ಆತ್ಮವಿಶ್ವಾಸವೂ ಆಟವೂ ಉತ್ತಮಗೊಂಡುವು. ನಾಲ್ಕು ವಾರಗಳ ಬಳಿಕವೂ ಆ ಪರಿಣಾಮವು ಉಳಿದಿತ್ತು. ಇಲ್ಲಿ ಬೆಳೆದುದು ತೋಳಿನ ಬಲವಲ್ಲವೆಂಬುದನ್ನು ಗಮನಿಸಬೇಕು. ಗುರಿ, ಏಕಾಗ್ರತೆ, ಅಳುಕಿಲ್ಲದಿರುವಿಕೆ ಇವು ಬೇಕಾದಲ್ಲಿ, ಪಂದ್ಯದ ಹಿಂದಿನ ರಾತ್ರಿ ನಿದ್ರೆ ಬಾರದವನಿಗೆ, ಒಮ್ಮೆ ಬಿದ್ದು ಅದೇ ತಿರುವಿನಲ್ಲಿ ಹೆದರುವ ಸೈಕಲ್ ಪಟುವಿಗೆ, ತಿಳಿದವರು ಮಾಡುವ ಸಂಮೋಹನವು ನೆರವಾಗಬಹುದು. ಉಸಿರಾಟದ ಅಭ್ಯಾಸ, ಮನಸ್ಸಿನಲ್ಲಿಯೇ ಆಟವನ್ನು ಆಡಿ ನೋಡುವುದು, ಒಳ್ಳೆಯ ಶಿಕ್ಷಕನ ಮಾತು, ಇವುಗಳಿಂದಲೂ ಅದೇ ಹಾದಿಯಲ್ಲಿ ಬಹುದೂರ ಸಾಗಬಹುದು.

ನೋವೆಂಬ ಕಾವಲುಗಾರ

ಅಪಾಯವೂ ಇದೆ. ಎಸ್‌ಡೇಲನ ರೋಗಿಗೆ ಚಾಕುವಿನ ಅರಿವಾಗಲಿಲ್ಲವೆಂದು ಹಿಂದೆ ನೋಡಿದೆವು. ಆಸ್ಪತ್ರೆಯಲ್ಲಿ ಅದು ವರ. ಗರಡಿಯಲ್ಲಿ ಅದೇ ಶಾಪ. ಮೊಳಕಾಲಿನ ಕಟ್ಟು ಹರಿಯುತ್ತಿದೆ, ಬೆನ್ನಿನ ಬಿಲ್ಲೆಯು ಜಾರುತ್ತಿದೆ, ಬಿಸಿಲಿನಲ್ಲಿ ಮೈ ಕಾದು ಅಪಾಯದ ಅಂಚಿಗೆ ಬಂದಿದೆ ಎಂದು ನಮಗೆ ತಿಳಿಸುವ ಕಾವಲುಗಾರರು ನೋವು ಮತ್ತು ಆಯಾಸಗಳೇ. ಅವರ ಬಾಯಿಯನ್ನು ಮುಚ್ಚಿಸಿ ಗೆದ್ದ ಪಂದ್ಯಕ್ಕೆ ಬೆಲೆಯನ್ನು ಮುಂದಿನ ಇಪ್ಪತ್ತು ವರ್ಷ ತೆರಬೇಕಾಗುವುದು. ‘ಇಳಿಜಾರು’ ಎಂದು ನಂಬಿದವನ ಹೃದಯವು ಬಡಿತವನ್ನು ಇಳಿಸಲಿಲ್ಲವೆಂಬುದನ್ನು ಮರೆಯಬಾರದು. ಆದುದರಿಂದ ನೋವನ್ನು ಮರೆಸುವೆನೆಂದು ಹೇಳಿ ಹಣ ಕೇಳುವ ಸಂಚಾರಿಯ ಕೈಗೆ ಬೆಳೆಯುವ ಹುಡುಗರನ್ನು ಒಪ್ಪಿಸುವುದು ತರವಲ್ಲ. ಮನೋವೈದ್ಯರೋ ತರಬೇತಿಯುಳ್ಳ ಮನಶ್ಶಾಸ್ತ್ರಜ್ಞರೋ ಮಾತ್ರ ಈ ಕೆಲಸಕ್ಕೆ ಅರ್ಹರು.

ಹುಡುಗನಿಗೆ ಕೊಟ್ಟ ಉತ್ತರ

ಇದನ್ನೆಲ್ಲ ಓದಿದ ಮೇಲೆ ಚಿಮ್ಮಡದ ಹುಡುಗನನ್ನು ಕರೆದು ಹೇಳಿದೆನು: ‘ನಿನ್ನ ಮಿದುಳು ನಿನ್ನ ಆಳುಗಳೆಲ್ಲರನ್ನೂ ಕೂಗಲು ಇನ್ನೂ ಕಲಿತಿಲ್ಲ. ಅದನ್ನು ಕಲಿಸಲು ಸಂಮೋಹನಕಾರನು ಬೇಡ, ಸಣ್ಣ ಕಲ್ಲು ಸಾಕು.’ ಇದು ಬರಿಯ ಉಪದೇಶವಲ್ಲ. ವ್ಯಾಯಾಮವನ್ನು ಆರಂಭಿಸಿದ ಮೊದಲ ಕೆಲವು ವಾರಗಳಲ್ಲಿ ಬಲವು ಹೆಚ್ಚುವುದು ಸ್ನಾಯುವು ದಪ್ಪಗಾಗುವುದರಿಂದಲ್ಲ, ಮುಖ್ಯವಾಗಿ ನರಗಳು ಹೆಚ್ಚು ಎಳೆಗಳನ್ನು ದುಡಿಸಲು ಕಲಿಯುವುದರಿಂದ ಎಂದು ಮೊರಿತಾನಿ ಮತ್ತು ಡೆವ್ರೀಸ್ 1979ರಲ್ಲಿಯೇ ತೋರಿಸಿರುವರು. ಸಂಮೋಹನವು ಕೊಡುವೆನೆನ್ನುವುದನ್ನು ಅಭ್ಯಾಸವು ಬಡ್ಡಿಯಿಲ್ಲದೆ ಕೊಡುವುದು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾರ ಅವತ್ತು ಆ ಹಿರ್ಯಾರು ಆಡಿದ್ದ ಮಾತು?’ ಎಂದನು.

ನನಗೆ ಥಟ್ಟನೆ ನನ್ನದೇ ಮಾತೊಂದು ನೆನಪಾಯಿತು. ಹಿಂದಿನ ವರ್ಷ ಕಪ್ಪುಹಲಗೆಯ ಮುಂದೆ ತಡವರಿಸುತ್ತಿದ್ದ ಒಬ್ಬ ವಿದ್ಯಾರ್ಥಿಗೆ, ತರಗತಿಯ ಎಲ್ಲರೆದುರು, ‘ಗಣಿತ ನಿನ್ನ ತಲೆಗೆ ಹತ್ತುವುದಲ್ಲ, ಕುಳಿತುಕೋ’ ಎಂದಿದ್ದೆನು. ಅವನು ಕುಳಿತನು; ಆ ವರ್ಷ ಮತ್ತೆ ಏಳಲಿಲ್ಲ. ಹೊಳೆಯುವ ವಸ್ತುವನ್ನು ನಾನು ಅವನ ಕಣ್ಣಮುಂದೆ ಹಿಡಿದಿರಲಿಲ್ಲ. ಆದರೆ ಎತ್ತರದ ವೇದಿಕೆ, ಗುರುವೆಂಬ ಗೌರವ, ನಿಶ್ಶಬ್ದವಾದ ಅರವತ್ತು ಮಂದಿ ಇವಿಷ್ಟು ಇದ್ದುವು. ಸೂಚನೆಯು ನೆಡಲು ಅಷ್ಟೇ ಸಾಕು.

ಹುಡುಗನಿಗೆ, ‘ಆ ಮಾತು ಇಲ್ಲದ ಏರು. ನೀನು ಅದನ್ನು ಹತ್ತಬೇಕಾಗಿಲ್ಲ’ ಎಂದೆನು.

ಮುಂದಿನ ಜಾತ್ರೆಯಲ್ಲಿ ಕಲ್ಲು ಅವನ ತೊಡೆಯವರೆಗೆ ಬಂದು ಜಾರಿತು. ಅದರ ಮುಂದಿನ ವರ್ಷ ನಾನೂ ಹೋಗಿದ್ದೆನು. ಎದೆಯ ಬಳಿ ಕಲ್ಲು ತಡೆದು ನಿಂತಾಗ, ಹಿಂದೆ ನಕ್ಕಿದ್ದ ಹಿರಿಯರು ಹಲಗೆಯವನ ಪಕ್ಕದಲ್ಲಿ ನಿಂತು ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದರು. ಕಲ್ಲು ಹೆಗಲೇರಿತು. ಎರಡು ವರ್ಷಗಳ ಅಭ್ಯಾಸದಿಂದ ಬಂದುದೆಷ್ಟು, ಆ ಕೂಗಿನಿಂದ ಬಂದುದೆಷ್ಟು ಎಂದು ವಿಂಗಡಿಸುವ ಬಲಮಾಪಕವು ನನ್ನ ಬಳಿ ಇರಲಿಲ್ಲ. ಕೂಗಿನ ಪಾಲು ಚಿಕ್ಕದೇ ಇದ್ದೀತು. ಆದರೂ ನಾನು ಕೂಡ ಕೂಗಿದೆನು.